ಅಡುಗೆಮನೆ ಪ್ರಶ್ನೋತ್ತರ: ಯೀಸ್ಟ್ ಬೇಡದ ಬ್ರೆಡ್ಡಿಗೆ ಹುಳಿ ಮಜ್ಜಿಗೆ

ಕಳೆದ ಸಂಚಿಕೆಯಲ್ಲಿ ಪಾವ್ ಮಾಡುವ ವಿಧಾನ ಬರೆಯುವಾಗ, ಯೀಸ್ಟ್ ಸಿಗದವರು ಐರ್ಲೆಂಡಿನ ಸೋಡಾ ಬ್ರೆಡ್ ಮಾಡಿ ನೋಡಿ ಎಂದು ಒಂದು ಸಾಲು ಸೇರಿಸಿದ್ದೆ. ಪಾವ್ ಬಗ್ಗೆ ಯಾರೂ ಕೇಳಲಿಲ್ಲ. ಪತ್ರಗಳೆಲ್ಲ ಆ ಒಂದು ಸಾಲಿನ ಬೆನ್ನು ಹಿಡಿದು ಬಂದಿವೆ. ಹಾಗಾಗಿ ಈ ತಿಂಗಳು ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಉಪ್ಪಿನಕಾಯಿ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ.

ಪ್ರಶ್ನೆ: ಅಕ್ಕಾ, ನನ್ನ ಮಗ ಡಬ್ಲಿನ್‌ನಲ್ಲಿ ಓದುತ್ತಿದ್ದಾನೆ. ಅವನಿರುವ ಮನೆಯ ಅಮ್ಮ ಬೆಳಿಗ್ಗೆ ಎದ್ದು ಹಿಟ್ಟು ಕಲಸಿ, ಒಂದು ಗಂಟೆಯೊಳಗೆ ಬ್ರೆಡ್ ಮಾಡಿ ಮೇಜಿನ ಮೇಲಿಡುತ್ತಾರಂತೆ. ಯೀಸ್ಟ್ ಹಾಕುವುದಿಲ್ಲ, ಹಿಟ್ಟು ಉಬ್ಬಲು ಬಿಡುವುದೂ ಇಲ್ಲವಂತೆ. ಮುಂದಿನ ತಿಂಗಳು ಅವನು ಊರಿಗೆ ಬರುತ್ತಾನೆ. ನಾನೇ ಮಾಡಿಕೊಡಬೇಕೆಂದು ಆಸೆ. ಮನೆಯಲ್ಲಿ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್ ಇದೆ. ಅಳತೆಯೊಂದಿಗೆ ಹೇಳಿಕೊಡಿ.
— ಓದುಗರು, ಕಾಪು

ಉತ್ತರ: ಖಂಡಿತ ಮಾಡಬಹುದು ಅಕ್ಕಾ. ಬೇಕಾಗುವ ಸಾಮಾನು ನಾಲ್ಕೇ: ಮೈದಾ, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಐರ್ಲೆಂಡಿನ ಹಳೆಯ ಸೋಡಾ ಬ್ರೆಡ್ಡಿನಲ್ಲಿ ಸಕ್ಕರೆ, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಅದು ಬಡವರ ಮನೆಯ ದಿನದ ಊಟ. ಅಡುಗೆ ಸೋಡಾ ಅಲ್ಲಿನ ಮನೆಗಳಿಗೆ ಬಂದದ್ದು 1830ರ ದಶಕದಲ್ಲಿ. ಅಲ್ಲಿ ತಂಪು ಹವೆ, ಮಳೆಯೂ ಜಾಸ್ತಿ. ಅಂಥ ಕಡೆ ಬೆಳೆಯುವುದು ಮೆದು ಜಾತಿಯ ಗೋಧಿ, ಅದರಲ್ಲಿ ಅಂಟು ಕಡಿಮೆ. ಯೀಸ್ಟ್ ಹಾಕಿದ ಹಿಟ್ಟು ಗಂಟೆಗಟ್ಟಲೆ ಗಾಳಿ ಹಿಡಿದಿಟ್ಟುಕೊಳ್ಳಲು ಅಂಟು ಬೇಕು. ಸೋಡಾಕ್ಕೆ ಅಷ್ಟು ಅಂಟು ಬೇಡ. ಬೆಣ್ಣೆ ಕಡೆದು ಉಳಿದ ಮಜ್ಜಿಗೆ ಪ್ರತಿ ರೈತನ ಮನೆಯಲ್ಲೂ ಇತ್ತು. ಒಲೆ ಇತ್ತು, ಸೋಡಾ ಅಗ್ಗವಾಗಿ ಸಿಗತೊಡಗಿತು. ಬ್ರೆಡ್ ಹುಟ್ಟಿದ್ದು ಹಾಗೆ.

ಈಗ ಅಳತೆ. ಮೈದಾ 450 ಗ್ರಾಂ, ಅಂದರೆ ಸಾಧಾರಣ ಅಳತೆ ಕಪ್ಪಿನಲ್ಲಿ ಮೂರೂವರೆ ಕಪ್ಪು. ಅಡುಗೆ ಸೋಡಾ ಒಂದು ಟೀ ಚಮಚ. ಚಮಚದ ಮೇಲೆ ಗುಡ್ಡೆ ನಿಲ್ಲಬಾರದು, ಚಾಕುವಿನ ಬೆನ್ನಿನಿಂದ ಸಮ ಮಾಡಿ. ಉಪ್ಪು ಒಂದು ಟೀ ಚಮಚ. ಮಜ್ಜಿಗೆ 350ರಿಂದ 400 ಮಿಲಿ.

ಮಜ್ಜಿಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಈ ಬ್ರೆಡ್ಡಿನ ಜೀವ ಇರುವುದು ಅಲ್ಲೇ. ನಾವು ಊಟದ ಕೊನೆಗೆ ಕುಡಿಯುವ ನೀರು ಮಜ್ಜಿಗೆ ಆಗದು. ಅಂಗಡಿಯಲ್ಲಿ ಸಿಗುವ ಮಸಾಲೆ ಮಜ್ಜಿಗೆ ಅಂತೂ ಬೇಡವೇ ಬೇಡ. ಹಿಂದಿನ ದಿನದ ಹುಳಿ ಮೊಸರು ಮೂರು ಪಾಲು, ನೀರು ಒಂದು ಪಾಲು ಸೇರಿಸಿ ಚೆನ್ನಾಗಿ ಕಡೆಯಿರಿ. ಮೇಲೆ ಬೆಣ್ಣೆ ಬಂದರೆ ತೆಗೆದಿಡಿ, ಬ್ರೆಡ್ಡಿಗೆ ಹಚ್ಚಲು ಬೇಕಾಗುತ್ತದೆ. ಬಾಯಿಗೆ ಹಾಕಿದರೆ ಹಲ್ಲು ಸ್ವಲ್ಪ ಜುಂ ಅನ್ನಬೇಕು, ಅಷ್ಟು ಹುಳಿ ಇರಲಿ. ಸೋಡಾ ಕ್ಷಾರ, ಮಜ್ಜಿಗೆ ಹುಳಿ. ಎರಡೂ ಸೇರಿದ ಕೂಡಲೇ ಗಾಳಿ ಹೊರಡುತ್ತದೆ. ಆ ಗಾಳಿಯೇ ಬ್ರೆಡ್ಡನ್ನು ಎತ್ತುವುದು. ಮಜ್ಜಿಗೆ ಸಪ್ಪೆಯಾದರೆ ಸೋಡಾ ಅರ್ಧ ಕೆಲಸ ಮಾಡಿ ಅಲ್ಲೇ ಉಳಿದುಬಿಡುತ್ತದೆ. ಉಳಿದ ಸೋಡಾ ಬಾಯಿಗೆ ಬರುತ್ತದೆ.

ಮೊದಲು ಓಟಿಜಿಯ ಮೇಲಿನ ಕೆಳಗಿನ ಎರಡೂ ಕಂಬಿ ಹೊತ್ತಿಸಿ 220 ಡಿಗ್ರಿಗೆ ಇಡಿ. ಹದಿನೈದು ನಿಮಿಷ ಕಾಯಲಿ. ಒಲೆ ಕಾದ ಮೇಲೆಯೇ ಮಜ್ಜಿಗೆ ಹಾಕಬೇಕು, ಈ ಕ್ರಮ ತಪ್ಪಬಾರದು. ಮೈದಾ, ಸೋಡಾ, ಉಪ್ಪು ಮೂರನ್ನೂ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಸೋಡಾದ ಒಂದು ಸಣ್ಣ ಗಂಟು ಉಳಿದರೂ ಬ್ರೆಡ್ಡಿನಲ್ಲಿ ಕಂದು ಚುಕ್ಕೆಯಾಗಿ ಕಾಣುತ್ತದೆ, ಕಚ್ಚಿದರೆ ಕಹಿ.

ಅಗಲವಾದ ಪಾತ್ರೆಯಲ್ಲಿ ಹಿಟ್ಟು ಹಾಕಿ ನಡುವೆ ಗುಂಡಿ ಮಾಡಿ. ಮುಕ್ಕಾಲು ಪಾಲು ಮಜ್ಜಿಗೆ ಒಂದೇ ಸಲ ಸುರಿಯಿರಿ. ಬೆರಳುಗಳನ್ನು ಅಗಲಿಸಿ, ನೆಟ್ಟಗೆ ಹಿಡಿದು, ನಡುವಿನಿಂದ ಅಂಚಿಗೆ ಸುತ್ತು ಹಾಕಿ. ಹಿಸುಕಬೇಡಿ. ಮಜ್ಜಿಗೆ ತಾಗಿದ ಕೂಡಲೇ ಹಿಟ್ಟಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಚಿರ್ ಎನ್ನುವುದೂ ಕೇಳುತ್ತದೆ. ಒಣ ಹಿಟ್ಟು ಉಳಿದಿದ್ದರೆ ಇನ್ನಷ್ಟು ಮಜ್ಜಿಗೆ ಚಿಮುಕಿಸಿ. ಎಲ್ಲ ಒಂದು ಮುದ್ದೆಯಾಗಿ ಕೂಡಿಕೊಂಡಿತೋ, ಅಲ್ಲಿಗೆ ನಿಲ್ಲಿಸಿ. ಚಪಾತಿ ಹಿಟ್ಟಿನ ಹಾಗೆ ನಯ ಬರಬಾರದು. ಮೇಲ್ಮೈ ಒರಟಾಗಿ, ಕೈಗೆ ಸ್ವಲ್ಪ ಅಂಟುವ ಹಾಗೆ ಇರಬೇಕು. ನಮ್ಮ ಕೈಗೆ ನಾದುವ ಅಭ್ಯಾಸ ಜಾಸ್ತಿ, ಅದನ್ನು ತಡೆಯುವುದೇ ಇಲ್ಲಿ ಕಷ್ಟದ ಕೆಲಸ. ನಾದಿದಷ್ಟೂ ಅಂಟು ಬಿಗಿಯಾಗುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಬ್ರೆಡ್ ಗಟ್ಟಿಯಾಗುತ್ತದೆ.

ಹಿಟ್ಟು ಉದುರಿಸಿದ ತಟ್ಟೆಗೆ ಹಾಕಿ, ಕೈಗೆ ಮೈದಾ ಹಚ್ಚಿಕೊಂಡು, ಒಂದೂವರೆ ಇಂಚು ದಪ್ಪದ ದುಂಡು ಮಾಡಿ. ಚೂಪು ಚಾಕುವಿನಿಂದ ಮೇಲೆ ಅಡ್ಡ ಉದ್ದ ಗೀರಿ. ಮೇಲ್ಮೇಲೆ ಗೀರಿದರೆ ಸಾಲದು, ಅರ್ಧದಷ್ಟು ಆಳ ಹೋಗಲಿ. ಕೂಡಲೇ ಒಳಗಿಡಿ. ಹದಿನೈದು ನಿಮಿಷ 220ರಲ್ಲಿ, ಆಮೇಲೆ 200ಕ್ಕೆ ಇಳಿಸಿ ಇನ್ನೂ ಇಪ್ಪತ್ತೈದರಿಂದ ಮೂವತ್ತು ನಿಮಿಷ. ಸಣ್ಣ ಓಟಿಜಿಯಲ್ಲಿ ಮೇಲಿನ ಕಂಬಿ ಬ್ರೆಡ್ಡಿಗೆ ಹತ್ತಿರ ಇರುತ್ತದೆ. ಮೇಲೆ ಬೇಗ ಕಪ್ಪಾಗತೊಡಗಿದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ.

ಬೆಂದಿತೇ ಎಂದು ನೋಡಲು ಕಡ್ಡಿ ಚುಚ್ಚುವ ಅಗತ್ಯ ಇಲ್ಲ. ದಪ್ಪ ಬಟ್ಟೆಯಲ್ಲಿ ಹಿಡಿದು ಮಗುಚಿ, ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ. ಒಳಗೆ ಟೊಳ್ಳು ಇದ್ದ ಹಾಗೆ ಸದ್ದು ಬಂದರೆ ಆಯಿತು. ಮಂದ ಸದ್ದು ಬಂದರೆ ತಲೆಕೆಳಗಾಗಿಯೇ ಮತ್ತೆ ಐದು ನಿಮಿಷ ಇಡಿ. ಮೇಲಿನ ಪದರ ಗರಿಗರಿ ಬೇಕಾದರೆ ಹಾಗೇ ಜಾಲರಿಯ ಮೇಲೆ ಆರಲು ಬಿಡಿ. ಮೆತ್ತಗೆ ಬೇಕಾದರೆ ತೆಳು ಬಟ್ಟೆಯಲ್ಲಿ ಸುತ್ತಿಡಿ. ಅರ್ಧ ಗಂಟೆಯಾದರೂ ಕಾದು ಆಮೇಲೆ ಕತ್ತರಿಸಿ, ಬಿಸಿಯಲ್ಲಿ ಕತ್ತರಿಸಿದರೆ ಒಳಗೆ ಹಸಿ ಹಸಿ ಅನಿಸುತ್ತದೆ. ಮಗ ಬರುವ ಮೊದಲು ಒಮ್ಮೆ ಮಾಡಿ ನೋಡಿ. ನಿಮ್ಮ ಓಟಿಜಿಯ ಬಿಸಿ ಹೇಗೆ ಎಂದು ನಿಮಗೆ ತಿಳಿದಿರುತ್ತದೆ.

ಪ್ರಶ್ನೆ: ಮೇಲೆ ಶಿಲುಬೆಯ ಆಕಾರ ಗೀರುವುದು ಧಾರ್ಮಿಕ ಕಾರಣಕ್ಕಾ?
— ಓದುಗರು, ಪುತ್ತೂರು

ಉತ್ತರ: ಆ ಭಾವನೆಯಿಂದ ಗೀರುವವರೂ ಇದ್ದಾರೆ. ಒಳಗಿನ ಯಕ್ಷಿಣಿಯರು ಹೊರಗೆ ಹೋಗಲಿ, ಕೆಟ್ಟದ್ದು ಮನೆಗೆ ಬಾರದಿರಲಿ ಎಂದು ಅಲ್ಲಿನ ಅಜ್ಜಿಯರು ಹೇಳುವುದುಂಟು. ಅಡುಗೆಯ ಲೆಕ್ಕದಲ್ಲಿ ನೋಡಿದರೆ, ದಪ್ಪ ಬ್ರೆಡ್ಡಿನ ನಡುವಿಗೆ ಬಿಸಿ ತಲುಪಲು ಗೀರು ಬೇಕೇ ಬೇಕು. ಗೀರದಿದ್ದರೆ ಅದು ತನಗೆ ಬೇಕಾದ ಕಡೆ ಒಡೆದುಕೊಳ್ಳುತ್ತದೆ. ಬೆಂದ ಮೇಲೆ ಕೈಯಿಂದ ನಾಲ್ಕು ಪಾಲು ಮುರಿಯಲೂ ಸುಲಭ.

ಪ್ರಶ್ನೆ: ಮೇಡಂ, ಮೊಬೈಲಿನಲ್ಲಿ ನೋಡಿ ಸೋಡಾ ಬ್ರೆಡ್ ಮಾಡಿದೆ. ಚೆನ್ನಾಗಿ ಉಬ್ಬಲೆಂದು ಸೋಡಾ ಸ್ವಲ್ಪ ಜಾಸ್ತಿ ಹಾಕಿದ್ದೆ. ಬ್ರೆಡ್ ಹಳದಿ ಬಣ್ಣಕ್ಕೆ ಬಂತು. ತಿಂದರೆ ಸಾಬೂನಿನ ರುಚಿ. ಮನೆಯವರು ಮುಟ್ಟಲಿಲ್ಲ. ಎಲ್ಲಿ ತಪ್ಪಾಯಿತು?
— ಓದುಗರು, ಬಿಜೈ, ಮಂಗಳೂರು

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ, ಸೋಡಾ ಜಾಸ್ತಿ ಆಯಿತು. ಮಜ್ಜಿಗೆಯ ಹುಳಿ ಎಷ್ಟಿದೆಯೋ ಅಷ್ಟೇ ಸೋಡಾ ಕೆಲಸಕ್ಕೆ ಬರುವುದು. ಮಿಕ್ಕಿದ್ದು ಒಲೆಯ ಬಿಸಿಗೆ ಬಟ್ಟೆ ಸೋಡಾ ಆಗಿಬಿಡುತ್ತದೆ, ಸಾಬೂನಿನ ರುಚಿ ಅದರದ್ದು. ಗೋಧಿಯಲ್ಲಿ ಇರುವ ಒಂದು ಬಣ್ಣದ ಅಂಶ ಕ್ಷಾರ ತಾಗಿದರೆ ಹಳದಿ ತಿರುಗುತ್ತದೆ. ಬಟ್ಟೆಗೆ ಬಿದ್ದ ಅರಸಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುತ್ತದಲ್ಲ, ಅದೇ ತರಹ.

ಹಾಗಾಗಿ ಹೆಚ್ಚು ಉಬ್ಬಬೇಕಾದರೆ ಸೋಡಾ ಹೆಚ್ಚಿಸಬೇಡಿ, ಮೊಸರನ್ನು ಇನ್ನೊಂದು ದಿನ ಹುಳಿ ಬರಿಸಿ. ನಮ್ಮ ಕರಾವಳಿಯ ಸೆಕೆಗೆ ಮೊಸರು ಹುಳಿಯಾಗಲು ಎಷ್ಟು ಹೊತ್ತು ಬೇಕು! ಫ್ರಿಜ್ಜಿನಿಂದ ಹೊರಗೆ ತೆಗೆದು ಬೆಳಿಗ್ಗೆಯಿಂದ ಸಂಜೆಯವರೆಗೆ ಇಟ್ಟರೆ ಸಾಕು. ಅಷ್ಟು ಸಮಯ ಇಲ್ಲ ಎಂದಾದರೆ ಮಜ್ಜಿಗೆಗೆ ಒಂದೆರಡು ಟೀ ಚಮಚ ಲಿಂಬೆ ರಸ ಸೇರಿಸಿ. 450 ಗ್ರಾಂ ಹಿಟ್ಟಿಗೆ ಒಂದು ಮಟ್ಟದ ಟೀ ಚಮಚ ಸೋಡಾ ಮೀರಬಾರದು. ಮಜ್ಜಿಗೆ ಸಾಧಾರಣ ಹುಳಿಯಿದ್ದರೆ ಮುಕ್ಕಾಲು ಚಮಚವೇ ಸರಿ.

ಇನ್ನೊಂದು ಮಾತು. ಸೋಡಾ ಬ್ರೆಡ್ ಬೇಕರಿ ಬ್ರೆಡ್ಡಿನ ಹಾಗೆ ಹಗುರ ಆಗುವುದಿಲ್ಲ, ಆಗಬೇಕೂ ಇಲ್ಲ. ಅದರ ಒಳಗು ಒತ್ತಾಗಿ, ಪುಡಿಪುಡಿಯಾಗಿ, ಸ್ವಲ್ಪ ತೇವವಾಗಿ ಇರುತ್ತದೆ. ಸೂಪಿಗೆ ಅದ್ದಿ ತಿನ್ನಲು ಅದೇ ಬೇಕು.

ಪ್ರಶ್ನೆ: ನಾವು ಮನೆಯಲ್ಲಿ ಬನ್ಸ್ ಮಾಡುವಾಗ ಹಿಟ್ಟನ್ನು ರಾತ್ರಿಯೇ ಕಲಸಿಟ್ಟು ಬೆಳಿಗ್ಗೆ ಕರಿಯುತ್ತೇವೆ. ಅದಕ್ಕೂ ಮೊಸರು, ಸೋಡಾ, ಮೈದಾ. ಬ್ರೆಡ್ಡಿನ ಹಿಟ್ಟನ್ನೂ ಹಾಗೇ ರಾತ್ರಿ ಕಲಸಿಡಬಹುದಲ್ಲ?
— ಓದುಗರು, ಉಳ್ಳಾಲ

ಉತ್ತರ: ಒಳ್ಳೆಯ ಪ್ರಶ್ನೆ. ಸಾಮಾನು ಒಂದೇ ತರಹದ್ದು, ಆದರೆ ಉಬ್ಬುವ ರೀತಿ ಬೇರೆ. ಬನ್ಸನ್ನು ತೆಳ್ಳಗೆ ಲಟ್ಟಿಸಿ ಕಾದ ಎಣ್ಣೆಗೆ ಬಿಡುತ್ತೇವೆ. ಹಿಟ್ಟಿನೊಳಗಿನ ನೀರು ಥಟ್ಟನೆ ಹಬೆಯಾಗಿ ಪೂರಿಯ ಹಾಗೆ ಎತ್ತುತ್ತದೆ. ರಾತ್ರಿ ಇಟ್ಟರೆ ಬಾಳೆಹಣ್ಣಿನ ಸಿಹಿ, ಮೊಸರಿನ ಹುಳಿ ಹಿಟ್ಟಿಗೆ ಹಿಡಿಯುತ್ತದೆ, ಹಿಟ್ಟು ಮೆದುವಾಗುತ್ತದೆ. ಸೋಡಾದ ಗಾಳಿ ಸ್ವಲ್ಪ ಹೋದರೂ ಹಬೆ ಕೈ ಹಿಡಿಯುತ್ತದೆ.

ಬ್ರೆಡ್ ದಪ್ಪ. ಅದಕ್ಕೆ ಸೋಡಾದ ಗಾಳಿಯೇ ಗತಿ. ಮಜ್ಜಿಗೆ ಹಾಕಿದ ಗಳಿಗೆಯಿಂದಲೇ ಆ ಗಾಳಿ ಹೊರಗೆ ಹೋಗುತ್ತಿರುತ್ತದೆ. ಕಲಸಿ ಹತ್ತು ನಿಮಿಷದೊಳಗೆ ಒಲೆಗೆ ಹೋಗಬೇಕು. ಬೆಳಿಗ್ಗೆ ಗಡಿಬಿಡಿ ಬೇಡ ಎಂದಾದರೆ ರಾತ್ರಿ ಒಣ ಸಾಮಾನು ಜರಡಿ ಹಿಡಿದು ಡಬ್ಬದಲ್ಲಿ ಮುಚ್ಚಿಡಿ, ಮಜ್ಜಿಗೆ ಕಡೆದಿಡಿ. ಬೆಳಿಗ್ಗೆ ಎರಡನ್ನೂ ಸೇರಿಸುವುದಷ್ಟೇ. ಬನ್ಸ್, ಗೋಳಿಬಜೆ ಮಾಡಿ ಗೊತ್ತಿರುವ ಕೈಗೆ ಮೊಸರು ಎಷ್ಟು ಹುಳಿ ಬಂದಿದೆ, ಸೋಡಾ ಎಷ್ಟು ಸಾಕು ಎನ್ನುವುದು ಹೇಳಿಕೊಡಬೇಕಾಗಿಲ್ಲ. ನಮ್ಮ ಊರಿನವರು ಈ ಬ್ರೆಡ್ ಬೇಗ ಕಲಿಯುತ್ತಾರೆ ಎಂದು ನಾನು ನಂಬಿರುವುದು ಅದಕ್ಕೇ.

ಪ್ರಶ್ನೆ: ಅಕ್ಕಾ, ನಮ್ಮದು ಹಳ್ಳಿ ಮನೆ. ಓವನ್ ಇಲ್ಲ, ತರುವ ಆಲೋಚನೆಯೂ ಇಲ್ಲ. ಕುಕ್ಕರಿನಲ್ಲಿ ಆಗುತ್ತದಾ? ಸೌದೆ ಒಲೆ ಇದೆ, ಗ್ಯಾಸೂ ಇದೆ.
— ಓದುಗರು, ಹೆಬ್ರಿ

ಉತ್ತರ: ಕುಕ್ಕರ್ ಬೇಡ. ನೀರಿಲ್ಲದೆ ಅಷ್ಟು ಹೊತ್ತು ಕಾಯಿಸಿದರೆ ಕುಕ್ಕರ್ ಹಾಳಾಗುತ್ತದೆ, ಬ್ರೆಡ್ಡಿನ ಮೇಲ್ಭಾಗವೂ ಬಿಳಿಚಿಕೊಂಡೇ ಇರುತ್ತದೆ. ನಿಮ್ಮ ಮನೆಯಲ್ಲಿ ಬೀಡಿನ ಕಾವಲಿ ಇದ್ದೇ ಇರುತ್ತದೆ. ಅದು ಸಾಕು.

ಐರ್ಲೆಂಡಿನ ಉತ್ತರ ಭಾಗದಲ್ಲಿ ಸೋಡಾ ಬ್ರೆಡ್ಡನ್ನು ಕಾವಲಿಯ ಮೇಲೆಯೇ ಬೇಯಿಸುತ್ತಾರೆ. ದುಂಡು ತಟ್ಟಿ, ನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನೂ ಎರಡು ಬದಿ ಸುಡುತ್ತಾರೆ. ಅದನ್ನು ಫಾರ್ಲ್ ಎನ್ನುತ್ತಾರೆ. ಮೈದಾ 250 ಗ್ರಾಂ, ಸೋಡಾ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಹುಳಿ ಮಜ್ಜಿಗೆ ಸುಮಾರು 200 ಮಿಲಿ. ಮೇಲೆ ಹೇಳಿದ ಹಾಗೆಯೇ ಹಗುರ ಕೈಯಲ್ಲಿ ಕಲಸಿ, ಮುಕ್ಕಾಲು ಇಂಚಿಗಿಂತ ದಪ್ಪ ಬಾರದ ಹಾಗೆ ತಟ್ಟಿ. ನಾಲ್ಕು ಪಾಲು ಕತ್ತರಿಸಿ.

ಕಾವಲಿಯ ಬಿಸಿ ನೋಡುವ ಉಪಾಯ ಹೀಗೆ. ಎಣ್ಣೆ ಹಚ್ಚಬೇಡಿ. ಒಣ ಕಾವಲಿಯ ಮೇಲೆ ಒಂದು ಚಿಟಿಕೆ ಮೈದಾ ಉದುರಿಸಿ. ಕೂಡಲೇ ಕಂದಿದರೆ ಬಿಸಿ ಜಾಸ್ತಿ. ನಿಧಾನಕ್ಕೆ, ಒಂದೆರಡು ನಿಮಿಷ ತೆಗೆದುಕೊಂಡು ತಿಳಿ ಕಂದು ಬಣ್ಣಕ್ಕೆ ತಿರುಗಿದರೆ ಅದೇ ಹದ. ಆ ಹಿಟ್ಟು ಒರೆಸಿ, ಹೊಸದಾಗಿ ಸ್ವಲ್ಪ ಉದುರಿಸಿ, ಪಾಲುಗಳನ್ನು ನಡುವೆ ಸಂದು ಬಿಟ್ಟು ಇಡಿ. ಒಂದು ಬದಿ ಏಳೆಂಟು ನಿಮಿಷ, ಮಗುಚಿ ಇನ್ನೊಂದು ಬದಿ ಅಷ್ಟೇ. ಕೊನೆಗೆ ಕತ್ತರಿಸಿದ ಅಂಚುಗಳನ್ನು ಕಾವಲಿಗೆ ತಾಗುವ ಹಾಗೆ ನಿಲ್ಲಿಸಿ ಒಂದೊಂದು ನಿಮಿಷ ಸುಡಿ, ಹಸಿ ಉಳಿಯುವುದು ಅಲ್ಲೇ. ಉರಿ ಸಣ್ಣಗಿರಲಿ. ದೋಸೆ ಹೊಯ್ಯುವ ಉರಿಯಲ್ಲಿ ಇಟ್ಟರೆ ಹೊರಗೆ ಸೀದು ಒಳಗೆ ಹಿಟ್ಟು ಹಾಗೇ ಇರುತ್ತದೆ.

ಪೂರ್ತಿ ದುಂಡು ಬ್ರೆಡ್ಡೇ ಬೇಕೆಂದರೆ ನಿಮ್ಮ ಸೌದೆ ಒಲೆ ಇದೆಯಲ್ಲ. ಅಲ್ಲಿನ ಹಳ್ಳಿಗಳಲ್ಲಿ ಓವನ್ ಬರುವ ಮೊದಲು ಬಾಸ್ಟಿಬಲ್ ಎನ್ನುವ ಬೀಡಿನ ಪಾತ್ರೆಯಲ್ಲಿ ಬ್ರೆಡ್ ಇಟ್ಟು, ಪೀಟ್ ಎನ್ನುವ ಒಣಗಿಸಿದ ಜೌಗು ಮಣ್ಣಿನ ಬೆಂಕಿಯ ಮೇಲೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ನಮ್ಮಲ್ಲೂ ಈ ಉಪಾಯ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಬಾಯಮ್ಮ ಕ್ರಿಸ್‌ಮಸ್ ಕೇಕನ್ನು ಹೀಗೇ ಮಾಡುತ್ತಿದ್ದರು. ದಪ್ಪ ತಳದ ಪಾತ್ರೆ, ಒಳಗೆ ಮರಳಿನ ಹಾಸು, ಮೇಲೆ ತಗಡಿನ ಮುಚ್ಚಳ, ಅದರ ತುಂಬ ಗೆರಟೆಯ ಕೆಂಡ. ಕೆಳಗೆ ಕೆಂಡ ಕಡಿಮೆ, ಮೇಲೆ ಜಾಸ್ತಿ ಎನ್ನುವುದು ಅವರ ಲೆಕ್ಕ. ಕೊಂಕಣಿ ಮನೆಗಳಲ್ಲಿ ಧೊಂಡಸ ಎನ್ನುವ ಸೌತೆಕಾಯಿಯ ಕೇಕ್ ಮಾಡುವುದನ್ನು ನೋಡಿದವರಿಗೂ ಇದು ಗೊತ್ತು. ಹೀಗೆ ಮಾಡುವಾಗ ಪಾತ್ರೆಯನ್ನು ಮೊದಲೇ ಚೆನ್ನಾಗಿ ಕಾಯಿಸಿ, ಬ್ರೆಡ್ಡನ್ನು ಒಂದು ಸಣ್ಣ ತಟ್ಟೆಯಲ್ಲಿಟ್ಟು ಮರಳಿನ ಮೇಲೆ ಇಳಿಸಿ. ಗೆರಟೆಯ ಕೆಂಡ ಬೇಗ ಆರುತ್ತದೆ, ನಡುವೆ ಒಮ್ಮೆ ಹೊಸ ಕೆಂಡ ಹಾಕಬೇಕಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮಾಡಿದರೆ ಸರಿ ಬರುವುದಿಲ್ಲ, ಬೇಸಿಗೆಯಲ್ಲಿ ಅದೇ ಅಳತೆಯಲ್ಲಿ ಸರಿ ಬರುತ್ತದೆ. ಇದು ನನ್ನ ಭ್ರಮೆಯಾ?
— ಓದುಗರು, ಮಲ್ಪೆ

ಉತ್ತರ: ಭ್ರಮೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಡುಗೆಮನೆಯಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಮೈದಾ ಮಾತ್ರ ಒಣಗಿರುತ್ತದಾ? ಅದೂ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಅಂಥ ಹಿಟ್ಟಿಗೆ ಮಜ್ಜಿಗೆ ಕಡಿಮೆ ಸಾಕು. ಮೊದಲು 300 ಮಿಲಿ ಹಾಕಿ, ಆಮೇಲೆ ನೋಡಿಕೊಂಡು ಚಿಮುಕಿಸಿ.

ಸೋಡಾದ ಕಡೆಗೂ ಗಮನ ಕೊಡಿ. ಪೊಟ್ಟಣ ಒಡೆದು ರಬ್ಬರ್ ಬ್ಯಾಂಡ್ ಹಾಕಿ ಡಬ್ಬದ ಮೂಲೆಯಲ್ಲಿ ಇಡುತ್ತೇವಲ್ಲ, ಮಳೆಗಾಲದಲ್ಲಿ ಅದು ತೇವ ಹೀರಿ ಗಂಟು ಕಟ್ಟುತ್ತದೆ. ಗಾಜಿನ ಸಣ್ಣ ಬಾಟಲಿಗೆ ಹಾಕಿ ಬಿಗಿ ಮುಚ್ಚಳ ಹಾಕಿಡಿ. ಚೆನ್ನಾಗಿದೆಯೇ ಎಂದು ತಿಳಿಯಲು ಅರ್ಧ ಚಮಚ ಸೋಡಾದ ಮೇಲೆ ನಾಲ್ಕು ಹನಿ ಲಿಂಬೆ ರಸ ಹಿಂಡಿ. ಭುಸ್ ಎಂದು ನೊರೆ ಉಕ್ಕಬೇಕು. ನಿಧಾನಕ್ಕೆ ಒಂದೆರಡು ಗುಳ್ಳೆ ಬಂದರೆ ಆ ಸೋಡಾವನ್ನು ಪಾತ್ರೆ ತಿಕ್ಕಲು ಇಟ್ಟುಕೊಳ್ಳಿ. ಕರೆಂಟ್ ಹೋಗುವ ದಿನಗಳಲ್ಲಿ ಓಟಿಜಿ ನಂಬಿ ಹಿಟ್ಟು ಕಲಸಬೇಡಿ. ಕಾವಲಿಯ ಫಾರ್ಲೇ ಸುರಕ್ಷಿತ.

ಪ್ರಶ್ನೆ: ಮೈದಾ ತಿನ್ನಬಾರದು ಎಂದು ಮಗಳ ಹಟ. ಪೂರ್ತಿ ಗೋಧಿಹಿಟ್ಟಿನಲ್ಲಿ ಮಾಡಬಹುದೇ? ರಾಗಿ ಸೇರಿಸಬಹುದೇ?
— ಓದುಗರು, ಮೂಡುಬಿದಿರೆ

ಉತ್ತರ: ಮಾಡಬಹುದು. ನಿಜ ಹೇಳಬೇಕೆಂದರೆ ನನಗೆ ಬಿಳಿ ಬ್ರೆಡ್ಡಿಗಿಂತ ಕಂದು ಸೋಡಾ ಬ್ರೆಡ್ಡೇ ಇಷ್ಟ. ಐರ್ಲೆಂಡಿನಲ್ಲೂ ಎರಡೂ ಇವೆ. ಅಲ್ಲಿನ ಕಂದು ಬ್ರೆಡ್ಡಿಗೆ ಬಳಸುವ ಹಿಟ್ಟು ತರಿ ತರಿಯಾಗಿ, ತವುಡು ಸಮೇತ ಇರುತ್ತದೆ. ನಮ್ಮ ಚಪಾತಿ ಹಿಟ್ಟು ತೀರ ನುಣ್ಣಗೆ. ಅದೊಂದರಲ್ಲೇ ಮಾಡಿದರೆ ಬ್ರೆಡ್ ಅಂಟಂಟಾಗಿ, ಭಾರವಾಗುತ್ತದೆ. ಅದಕ್ಕೆ ನಾನು ಮಾಡುವುದು ಹೀಗೆ: ಗಿರಣಿಯಲ್ಲಿ ಗೋಧಿ ಬೀಸಿಸುವಾಗ ಒಂದು ಕಿಲೋದಷ್ಟು ಸ್ವಲ್ಪ ತರಿಯಾಗಿ ಬೀಸಿಕೊಡಿ ಎಂದು ಹೇಳಿ ಬೇರೆ ಚೀಲದಲ್ಲಿ ತರುತ್ತೇನೆ. ಜರಡಿ ಹಿಡಿದು ತವುಡು ತೆಗೆಯುವುದಿಲ್ಲ. 250 ಗ್ರಾಂ ಆ ತರಿ ಹಿಟ್ಟು, 150 ಗ್ರಾಂ ಮೈದಾ, ಒಂದು ಹಿಡಿ ಓಟ್ಸ್. ಸೋಡಾ, ಉಪ್ಪು ಮೊದಲು ಹೇಳಿದಷ್ಟೇ. ಮಜ್ಜಿಗೆ 400 ಮಿಲಿ ಮೀರಿ ಹೋಗುತ್ತದೆ, ತವುಡು ಕುಡಿಯುವುದು ಜಾಸ್ತಿ. ಹಿಟ್ಟು ಮುದ್ದೆ ಕಟ್ಟದೆ ಸಡಿಲವಾಗಿ ಬಂದರೆ ಹೆದರಬೇಡಿ, ಎಣ್ಣೆ ಸವರಿದ ಬ್ರೆಡ್ ಅಚ್ಚಿಗೆ ಸುರಿದುಬಿಡಿ. 200 ಡಿಗ್ರಿಯಲ್ಲಿ ಐವತ್ತು ನಿಮಿಷ.

ಮೈದಾ ಬೇಡವೇ ಬೇಡ ಎಂದರೆ ಆ 150 ಗ್ರಾಮಿನ ಬದಲು ಸಾಧಾರಣ ಚಪಾತಿ ಹಿಟ್ಟು ಹಾಕಿ. ಸ್ವಲ್ಪ ಗಟ್ಟಿ ಬರುತ್ತದೆ, ರುಚಿಗೆ ಮೋಸ ಇಲ್ಲ. ರಾಗಿ ಕಾಲು ಪಾಲು ಮೀರದಿರಲಿ. ರಾಗಿಯಲ್ಲಿ ಅಂಟು ಇಲ್ಲವೇ ಇಲ್ಲ, ಜಾಸ್ತಿಯಾದರೆ ಕತ್ತರಿಸುವಾಗ ಉದುರುತ್ತದೆ.

ಪ್ರಶ್ನೆ: ಮನೆಯಲ್ಲಿ ಬೇಕಿಂಗ್ ಪೌಡರ್ ಮಾತ್ರ ಇದೆ. ನಡೆಯುತ್ತಾ?
— ಓದುಗರು, ಬಂಟ್ವಾಳ

ಉತ್ತರ: ನಡೆಯುತ್ತದೆ, ಆದರೆ ರುಚಿ ಬೇರೆ. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆ ಹುಳಿಯ ಪುಡಿಯೂ ಇರುತ್ತದೆ. ಒಂದು ಚಮಚ ಸೋಡಾದ ಜಾಗಕ್ಕೆ ಮೂರು ಚಮಚ ಬೇಕು, ಮಜ್ಜಿಗೆಯ ಬದಲು ಹಾಲು ಹಾಕಬಹುದು. ಅಗ್ಗದಲ್ಲಿ ಸೋಡಾ ಪೊಟ್ಟಣ ಸಿಗುವಾಗ ಯಾಕೆ ಆ ಕಷ್ಟ?

ಪ್ರಶ್ನೆ: ಅಮ್ಮಾ, ನನಗೆ 68 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೇಕರಿ ಬ್ರೆಡ್ ಬಿಟ್ಟಿದ್ದೇನೆ. ಯೀಸ್ಟ್ ಇಲ್ಲದ್ದು ಎಂದ ಮೇಲೆ ಇದನ್ನು ಧಾರಾಳ ತಿನ್ನಬಹುದಲ್ಲವೇ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ಸರ್, ಧಾರಾಳ ಬೇಡ. ಬಿಪಿಗೆ ಯೀಸ್ಟ್ ಶತ್ರುವಲ್ಲ, ಸೋಡಿಯಂ ಶತ್ರು. ಅದು ಉಪ್ಪಿನಲ್ಲೂ ಇದೆ, ಅಡುಗೆ ಸೋಡಾದಲ್ಲೂ ಇದೆ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,250 ಮಿಲಿಗ್ರಾಂ, ಒಂದು ಟೀ ಚಮಚ ಉಪ್ಪಿನಲ್ಲಿ ಸುಮಾರು 2,300 ಮಿಲಿಗ್ರಾಂ. ಆ ಬ್ರೆಡ್ಡನ್ನು ಹನ್ನೆರಡು ಹೋಳು ಮಾಡಿದರೆ ಒಂದು ಹೋಳಿಗೆ 300 ಮಿಲಿಗ್ರಾಂ ಹತ್ತಿರ ಬರುತ್ತದೆ. ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಧ್ಯಾಹ್ನದ ಸಾರು, ಉಪ್ಪಿನಕಾಯಿ, ಸಂಜೆಯ ಚಕ್ಕುಲಿ ಲೆಕ್ಕಕ್ಕೆ ಬೇಕಲ್ಲ.

ನಿಮಗಾಗಿ ಮಾಡುವಾಗ ಉಪ್ಪನ್ನು ಅರ್ಧಕ್ಕೆ ಇಳಿಸಿ, ಕಾಲು ಚಮಚವೂ ಸಾಕು. ಮಜ್ಜಿಗೆಯ ಹುಳಿ ಇರುವುದರಿಂದ ಸಪ್ಪೆ ಅನಿಸುವುದಿಲ್ಲ. ಸೋಡಾ ಮುಕ್ಕಾಲು ಚಮಚಕ್ಕಿಂತ ಕೆಳಗೆ ಇಳಿಸಬೇಡಿ, ಬ್ರೆಡ್ ಏಳುವುದಿಲ್ಲ. ಹೀಗೆ ಮಾಡಿದರೆ ಒಂದು ಹೋಳು ತಿನ್ನುವುದಕ್ಕೆ ಅಡ್ಡಿ ಇರಲಾರದು. ಆದರೂ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ. ಕಿಡ್ನಿ ತೊಂದರೆ ಇದ್ದರಂತೂ ಕೇಳದೆ ತಿನ್ನಬೇಡಿ. ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದ ಇನ್ನೊಬ್ಬ ಓದುಗರಿಗೂ ಇಲ್ಲೇ ಹೇಳುತ್ತೇನೆ: ಸಿಹಿ ಹಾಕದಿದ್ದರೂ ಮೈದಾ ಮೈದಾವೇ, ಸಕ್ಕರೆ ಏರಿಸುತ್ತದೆ. ನೀವು ಕಂದು ಬ್ರೆಡ್ ಮಾಡಿ, ಅದೂ ಅಳತೆಯಲ್ಲಿ ತಿನ್ನಿ.

ಪ್ರಶ್ನೆ: ಒಣದ್ರಾಕ್ಷಿ, ಮೊಟ್ಟೆ, ಸಕ್ಕರೆ, ಬೆಣ್ಣೆ ಹಾಕಿದ ಸೋಡಾ ಬ್ರೆಡ್ಡಿನ ಚಿತ್ರಗಳನ್ನು ನೋಡಿದ್ದೇನೆ. ಅದರಲ್ಲಿ ಜೀರಿಗೆಯ ಹಾಗೆ ಏನೋ ಕಾಣುತ್ತದೆ. ಯಾವುದು ಸರಿ?
— ಓದುಗರು, ಮಣಿಪಾಲ

ಉತ್ತರ: ನೀವು ನೋಡಿರುವುದು ಹೆಚ್ಚಾಗಿ ಅಮೆರಿಕದ ರೀತಿ. 1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ಭೀಕರ ಬರಗಾಲ ಆಯಿತು. ಲಕ್ಷಗಟ್ಟಲೆ ಜನ ಸತ್ತರು, ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಸಕ್ಕರೆ, ಬೆಣ್ಣೆ ಕೈಗೆಟುಕಿದ ಮೇಲೆ ಬ್ರೆಡ್ ಕೇಕಿನ ಕಡೆಗೆ ವಾಲಿತು. ಐರ್ಲೆಂಡಿನಲ್ಲಿಯೂ ಹಬ್ಬಕ್ಕೋ ವಿಶೇಷಕ್ಕೋ ಒಣದ್ರಾಕ್ಷಿ ಹಾಕಿ ಮಾಡುವುದುಂಟು. ಹಾಗಾಗಿ ತಪ್ಪು ಎನ್ನಲಾರೆ. ಆದರೆ ಮೊದಲ ಸಲ ಸಾದಾ ಬ್ರೆಡ್ಡನ್ನೇ ಮಾಡಿ. ಸಕ್ಕರೆ, ಬೆಣ್ಣೆ ಬಿದ್ದರೆ ಮಜ್ಜಿಗೆಯ ರುಚಿ ಮುಚ್ಚಿಹೋಗುತ್ತದೆ.

ಜೀರಿಗೆಯ ಹಾಗೆ ಕಾಣುವ ಬೀಜ ಕ್ಯಾರವೇ. ನೋಡಲು ಮಾತ್ರ ಜೀರಿಗೆ, ವಾಸನೆ ಸೋಂಪಿನ ಕಡೆಯದು. ಅದರ ಬದಲು ಜೀರಿಗೆ ಹಾಕಿದರೆ ಬ್ರೆಡ್ ಸಾರಿನ ವಾಸನೆ ಹೊಡೆಯುತ್ತದೆ. ಸಿಗದಿದ್ದರೆ ಬಿಟ್ಟುಬಿಡಿ. ಖಾರದ ಕಡೆ ಒಲವಿದ್ದವರು ಅರ್ಧ ಚಮಚ ಓಮ ಹಾಕಿ ನೋಡಿ.

ಪ್ರಶ್ನೆ: ನಾವಿಬ್ಬರೇ ಮನೆಯಲ್ಲಿ. ಅಷ್ಟು ದೊಡ್ಡ ಬ್ರೆಡ್ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಎಷ್ಟು ದಿನ ಇಡಬಹುದು? ಯಾವುದರ ಜೊತೆ ತಿನ್ನುವುದು?
— ಓದುಗರು, ಬ್ರಹ್ಮಾವರ

ಉತ್ತರ: ಮಾಡಿದ ದಿನವೇ ತಿಂದರೆ ಅದರ ರುಚಿ. ಮರುದಿನ ಗಟ್ಟಿಯಾಗುತ್ತದೆ. ಅದರಲ್ಲಿ ಎಣ್ಣೆ ಬೆಣ್ಣೆ ಇಲ್ಲವಲ್ಲ, ಬೇಗ ಒಣಗುತ್ತದೆ. ನಮ್ಮ ಹವೆಗೆ ಮೂರನೇ ದಿನ ಬೂಸ್ಟು ಹಿಡಿಯಲೂಬಹುದು. ಇಬ್ಬರೇ ಇರುವಾಗ ಅರ್ಧ ಅಳತೆಯಲ್ಲಿ ಮಾಡಿ, 200 ಡಿಗ್ರಿಯಲ್ಲಿ ಮೂವತ್ತು ನಿಮಿಷಕ್ಕೆ ಬೇಯುತ್ತದೆ. ಇಲ್ಲವೇ ಪೂರ್ತಿ ಮಾಡಿ, ಆರಿದ ಮೇಲೆ ಹೋಳು ಮಾಡಿ, ಅರ್ಧವನ್ನು ಗಾಳಿಯಾಡದ ಚೀಲದಲ್ಲಿ ಫ್ರೀಜರಿಗೆ ಹಾಕಿ. ಬೇಕಾದಾಗ ಎರಡು ಹೋಳು ತೆಗೆದು ನೇರ ಕಾವಲಿಗೆ ಹಾಕಿ ತುಪ್ಪದಲ್ಲಿ ಕಾಯಿಸಿ.

ಅಲ್ಲಿ ಬೆಣ್ಣೆ ದಪ್ಪಗೆ ಹಚ್ಚಿಕೊಂಡು ತಿನ್ನುತ್ತಾರೆ, ಸೂಪಿನ ಜೊತೆ, ಕುರಿ ಮಾಂಸದ ಸ್ಟೂ ಜೊತೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಹೆಚ್ಚು ಹೋಗುವುದು ದಾಳಿತೋವೆಯ ಜೊತೆ, ಇಂಗಿನ ಒಗ್ಗರಣೆ ಸ್ವಲ್ಪ ಜಾಸ್ತಿ ಹಾಕಿ. ಮಾಂಸಾಹಾರಿಗಳು ಕೋಳಿ ಗಸಿಗೆ ಅದ್ದಿ ತಿಂದು ನೋಡಿ, ಒರಟು ಬ್ರೆಡ್ ಗಸಿಯನ್ನು ಚೆನ್ನಾಗಿ ಹೀರುತ್ತದೆ. ಬೆಳಿಗ್ಗೆಗೆ ಬೆಣ್ಣೆಯೂ ಜೋನಿ ಬೆಲ್ಲವೂ ಸಾಕು.